ಬೇಲಿಯಾಚೆಯ ಅಕ್ಕ

ಸೇಂಟ್ ಗ್ಲಾಡಿ, ಕ್ವಿಬೆಕ್
೨ ಏಪ್ರಿಲ್ ೧೯೨೨, ಭಾನುವಾರ

ಅಕ್ಕಾ,

ನಿಂತಿದ್ದರೆ ಕೂತುಕೊಂಡು ಓದು. ನಾನು ನಿನ್ನ ಊರಿಗೆ ಬರುತ್ತಿದ್ದೇನೆ. ಹಬ್ಬಕ್ಕೆ ಬಂದು ಮುಖ ತೋರಿಸಿ ಹೋಗುವುದಕ್ಕಲ್ಲ, ಅಲ್ಲೇ ಇರುವುದಕ್ಕೆ.

ಇವತ್ತು ಪೂಜೆ ಮುಗಿದ ಮೇಲೆ ಪಾದ್ರಿಗಳು ಒಂದು ಪ್ರಕಟಣೆ ಓದಿದರು. ವರ್ಮಾಂಟಿನ ಗ್ರೇ ಹಿಲ್‌ನಲ್ಲಿ ಗೋರಿಕಲ್ಲು ಕೆತ್ತುವ ಶೆಡ್ಡುಗಳಿಗೆ ಗಟ್ಟಿ ಆಳುಗಳು ಬೇಕಂತೆ. ಕೆಲಸ ಗೊತ್ತಿರಬೇಕೆಂದೇನಿಲ್ಲ, ಅವರೇ ಕಲಿಸುತ್ತಾರಂತೆ. ರೈಲಿನ ಚಾರ್ಜು ಅವರದು, ಇರಲು ಕೋಣೆಯೂ ಅವರದೇ. ಗ್ರೇ ಹಿಲ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ನಾನು ಅದೆಲಾರ್‌ನ ಪಕ್ಕೆಗೆ ತಿವಿದ ರಭಸಕ್ಕೆ ಅವನು ಚರ್ಚಿನಲ್ಲೇ ಅಯ್ಯೋ ಎಂದುಬಿಟ್ಟ. ಮುಂದಿನ ಸಾಲಿನ ಮುದುಕಿಯರೆಲ್ಲ ತಿರುಗಿ ನೋಡಿದರು.

ಹೊರಗೆ ಮೆಟ್ಟಿಲ ಮೇಲೆ ಕಂಪನಿಯ ಏಜೆಂಟ್ ಕಾಗದ ಹಿಡಿದು ನಿಂತಿದ್ದ. ನಮ್ಮವನಿಗೆ ಓದುಬರಹ ಬಾರದೆಂದು ಮದುವೆಯಾದ ವರ್ಷವೇ ನಿನಗೆ ಬರೆದಿದ್ದೆನಲ್ಲ, ಸಹಿಯ ಜಾಗದಲ್ಲಿ ಒಂದು ಡೊಂಕು ಶಿಲುಬೆ ಎಳೆದ. ಎಳೆದು ಅದನ್ನೇ ಒಂದು ಗಳಿಗೆ ನೋಡುತ್ತ ನಿಂತ. ಅವನ ಅಣ್ಣನ ಮನೆಯ ಅಟ್ಟದಲ್ಲಿ ಮಲಗಿ, ನನ್ನ ಓರಗಿತ್ತಿಯ ಒಲೆಯ ಮೇಲೆ ಒಂದು ಪಾತ್ರೆ ಇಡಲು ಅಪ್ಪಣೆ ಕೇಳಿ ನನಗಂತೂ ಸಾಕುಸಾಕಾಗಿದೆ. ಚಳಿಗಾಲ ಬಂದರೆ ಅವನು ಮರ ಕಡಿಯಲು ಕಾಡಿಗೆ, ನಾನಿಲ್ಲಿ ಅವಳ ಬಾಯಿಗೆ. ಇನ್ನು ನಮ್ಮದೇ ಒಲೆ, ನಮ್ಮದೇ ಬಾಗಿಲು, ಪಕ್ಕದ ಬೀದಿಯಲ್ಲಿ ನೀನು.

ಚರ್ಚಿನ ಕಡೆ ತಲೆಹಾಕದ ಇಟಲಿಯವನನ್ನು ಕಟ್ಟಿಕೊಂಡೆ ಎಂದು ಅಪ್ಪ ನಿನಗೆ ಬಾಗಿಲು ಮುಚ್ಚಿದ ದಿನದಿಂದ ನಿನ್ನ ಮುಖ ನೋಡಿಲ್ಲ. ಎಂಟು ವರ್ಷವಾಯಿತು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು ನೀನು, ಅಕ್ಷರ ತಿದ್ದಿಸಿದವಳು ನೀನು. ಈಗ ಅಪ್ಪನೂ ಇಲ್ಲ, ತಡೆಯುವವರೂ ಇಲ್ಲ. ಅದೆಲಾರ್‌ಗೆ ಉಳಿ ಹಿಡಿಯುವುದನ್ನು ಭಾವನೇ ಕಲಿಸಿಕೊಡಬೇಕು ಎಂದು ಅವರಿಗೆ ಹೇಳು. ಈ ವರ್ಷದ ಮೇಪಲ್ ಪಾಕ ತರುತ್ತೇನೆ.

ನಿನ್ನ ಲಿಯೋನಿ


ಗ್ರೇ ಹಿಲ್, ವರ್ಮಾಂಟ್
೭ ಏಪ್ರಿಲ್ ೧೯೨೨

ಲಿಯೋನಿ,

ಬರಬೇಡ. ಮೊದಲು ಇದನ್ನು ಬರೆದುಬಿಡುತ್ತೇನೆ, ಮಿಕ್ಕದ್ದು ಆಮೇಲೆ.

ಇಲ್ಲಿ ಈ ತಿಂಗಳ ಮೊದಲ ದಿನದಿಂದ ಮುಷ್ಕರ. ಮಾಲೀಕರು ಕೂಲಿ ಇಳಿಸಿದರು. ಇನ್ನು ಸಂಘದ ಜೊತೆ ಮಾತಿಲ್ಲ, ಕೆಲಸ ಬೇಕಾದವನು ಒಬ್ಬೊಬ್ಬನೇ ಬಂದು ಕೈಕಟ್ಟಿ ನಿಲ್ಲಲಿ ಎಂದರು. ನಮ್ಮವರು ಉಳಿ ಸುತ್ತಿಗೆ ಎತ್ತಿಕೊಂಡು ಹೊರಗೆ ಬಂದರು. ನಿಮ್ಮ ಪಾದ್ರಿ ಪ್ರಕಟಣೆ ಓದಿದ ಕೆಲಸ ಇದೇ ಕಣೇ ಪೆದ್ದಿ. ಖಾಲಿ ಬಿದ್ದಿದ್ದ ಕೆಲಸವಲ್ಲ ಅದು. ಅದೆಲಾರ್ ಹೋಗಿ ನಿಲ್ಲಬೇಕೆಂದಿರುವ ಜಾಗದಲ್ಲಿ ನಿನ್ನೆಮೊನ್ನೆಯವರೆಗೆ ನಿನ್ನ ಭಾವ ಎಜಿಸ್ತೊ ನಿಂತಿದ್ದ.

ನಿನ್ನ ಗಂಡನಿಗೆ ಇದು ಗೊತ್ತಿರಲಿಕ್ಕಿಲ್ಲ. ಅವನ ತಪ್ಪು ಎನ್ನುವುದಿಲ್ಲ. ಆದರೆ ತಿಳಿದ ಮೇಲೂ ಬಂದರೆ ತಪ್ಪೇ. ನಾವಿರುವುದು ಇಟಲಿಯವರ ಬೀದಿ. ಇಲ್ಲಿ ಫ್ರೆಂಚ್ ಮಾತಾಡುವವಳು ನಾನೊಬ್ಬಳೇ. ಕ್ವಿಬೆಕ್‌ನಿಂದ ಆಳುಗಳು ಬರುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗಿನಿಂದ ನಾನು ಅಂಗಡಿಯೊಳಗೆ ಕಾಲಿಟ್ಟರೆ ಹೆಂಗಸರ ಮಾತು ನಿಲ್ಲುತ್ತದೆ. ಪಕ್ಕದ ಮನೆಯ ಜೆಲಿಂಡಾ ಒಬ್ಬಳು ಮಾತ್ರ ಮೊದಲಿನ ಹಾಗೇ ಇದ್ದಾಳೆ.

ನಿನ್ನನ್ನು ನೋಡಬೇಕೆಂಬ ಆಸೆ ನನಗಿಲ್ಲ ಎಂದುಕೊಳ್ಳಬೇಡ. ನೀನೊಬ್ಬಳೇ ಬರುವುದಾದರೆ ಇವತ್ತೇ ಬಾ, ನನ್ನ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತೇನೆ. ಅವನು ಶೆಡ್ಡಿಗೆ ಇಳಿಯುವುದಾದರೆ ಮಾತ್ರ ಬರಬೇಡ.

ಎಜಿಸ್ತೊ ಚೆನ್ನಾಗಿದ್ದಾನೆ. ಚಳಿಗಾಲದ ಶೀತ ಇನ್ನೂ ಎದೆಯಲ್ಲಿ ಕೂತಿದೆ, ಅಷ್ಟೇ.

ಅಕ್ಕ ಡೊನಾಲ್ಡಾ


ಗ್ರೇ ಹಿಲ್, ಕಂಪನಿಯ ಬಿಡಾರ
೧೩ ಏಪ್ರಿಲ್ ೧೯೨೨

ಅಕ್ಕಾ,

ಬಂದುಬಿಟ್ಟೆವು. ಏಜೆಂಟ್ ಅವಸರ ಮಾಡಿದ, ನಿನ್ನ ಉತ್ತರಕ್ಕೆ ಕಾಯಲಾಗಲಿಲ್ಲ. ನಾನೀಗ ನೋಡುತ್ತಿರುವ ಬೆಟ್ಟವನ್ನೇ ನೀನೂ ನೋಡುತ್ತಿರಬಹುದು. ಮೊನ್ನೆಯಿಂದ ಇದನ್ನು ನೆನೆದುಕೊಂಡು ಒಬ್ಬಳೇ ನಗುತ್ತಿದ್ದೇನೆ.

ಊರಿನವರು ಎಷ್ಟು ಒಳ್ಳೆಯವರು ಗೊತ್ತೇ? ರೈಲು ನಿಧಾನವಾದಾಗ ಹಳಿಯ ಪಕ್ಕದಲ್ಲಿ ಹೆಂಗಸರು ಮಕ್ಕಳೆಲ್ಲ ನಿಂತು, ಸ್ಕ್ಯಾಬ್ ಸ್ಕ್ಯಾಬ್ ಎಂದು ಕೂಗಿದರು. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಅದೆಲಾರ್ ಟೋಪಿಯನ್ನೂ ತೆಗೆದ. ಇಲ್ಲಿಯ ಇಂಗ್ಲಿಷಿನಲ್ಲಿ ಬಂದವರನ್ನು ಹಾಗೆ ಕರೆಯುವುದೇ? ನಾವೂ ತಿರುಗಿ ಅದನ್ನೇ ಹೇಳಬೇಕೇ, ಬೇರೆ ಮಾತಿದೆಯೇ? ನಿನ್ನ ಜೊತೆ ಹೊರಗೆ ಓಡಾಡುವಾಗ ನಾನು ತಪ್ಪು ಮಾಡಿ ನಿನ್ನ ಮರ್ಯಾದೆ ಕಳೆಯಬಾರದು.

ಒಂದೇ ಬೇಸರವೆಂದರೆ ಬಿಡಾರದ ಸುತ್ತ ಎತ್ತರದ ಬೇಲಿ ಇದೆ. ಗೇಟಿನಲ್ಲಿ ಬಂದೂಕಿನವರು. ನಮ್ಮ ಕ್ಷೇಮಕ್ಕಾಗಿಯೇ ಅಂತೆ. ಇಲ್ಲಿ ಕರಡಿಗಳಿವೆಯೋ ಏನೋ. ಭಾನುವಾರ ಚರ್ಚಿಗೆ ಬಿಡುತ್ತಾರೆ. ಈಸ್ಟರ್ ದಿನ ನೀನೂ ಬಾ. ಪ್ರಾರ್ಥನೆ ಮಾಡದಿದ್ದರೆ ಬೇಡ, ಮೆಟ್ಟಿಲ ಹತ್ತಿರ ನಿಂತಿರು. ನಾನು ಅಮ್ಮನ ಕಂದು ಕೋಟು ಹಾಕಿರುತ್ತೇನೆ.

ಲಿಯೋನಿ


ಗ್ರೇ ಹಿಲ್
೧೫ ಏಪ್ರಿಲ್ ೧೯೨೨

ಲಿಯೋನಿ,

ನನ್ನ ಕಾಗದ ನೀವು ಹೊರಟ ಮೇಲೆ ಮುಟ್ಟಿರಬೇಕು. ನಿನ್ನ ಓರಗಿತ್ತಿ ಒಲೆಗೆ ಹಾಕಿರುತ್ತಾಳೆ.

ಸ್ಕ್ಯಾಬ್ ಎಂದರೆ ಗಾಯದ ಮೇಲೆ ಕಟ್ಟುವ ಹಕ್ಕಳೆ. ಮುಷ್ಕರ ಹೂಡಿದವರ ಜಾಗದಲ್ಲಿ ಹೋಗಿ ಕೆಲಸಕ್ಕೆ ನಿಲ್ಲುವವರನ್ನು ಹಾಗೆ ಬೈಯುತ್ತಾರೆ. ಆ ಹಳಿಯ ಪಕ್ಕ ನಾನೂ ನಿಂತಿದ್ದೆ ಲಿಯೋನಿ. ನಿಲ್ಲದೆ ವಿಧಿಯಿರಲಿಲ್ಲ. ಕಿಟಕಿಯಿಂದ ಒಂದು ಕೈ ಬೀಸುತ್ತಿರುವುದನ್ನು ನೋಡಿದೆ. ನಾಚಿಕೆಗೆಟ್ಟವಳು ಯಾರಪ್ಪಾ ಇವಳು ಎಂದುಕೊಂಡೆ.

ಕರಡಿಗಳಿಲ್ಲ. ನಾವೇ ಇರುವುದು.

ಅವನಿಗೆ ಹೇಳಿ ವಾಪಸ್ ರೈಲು ಹತ್ತಿಸು. ಅಲ್ಲಿಯವರೆಗೆ ನಮ್ಮ ಬೀದಿಗೆ ಬರಬೇಡ, ಬೀದಿಯಲ್ಲಿ ಕಂಡರೆ ಕರೆಯಬೇಡ. ಈಸ್ಟರಿಗೆ ನಾನು ಬರುವುದಿಲ್ಲ.

ಡೊನಾಲ್ಡಾ


ಗ್ರೇ ಹಿಲ್, ಕಂಪನಿಯ ಬಿಡಾರ
೨೩ ಏಪ್ರಿಲ್ ೧೯೨೨

ಅಕ್ಕಾ,

ನಿನ್ನ ಕಾಗದವನ್ನು ಅದೆಲಾರ್‌ಗೆ ಓದಿ ಹೇಳಿದೆ. ಸ್ಕ್ಯಾಬ್ ಎಂಬ ಪದದ ಅರ್ಥ ಹೇಳಿದಾಗ ಅವನು ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಮಾರನೆಯ ದಿನ ಏಜೆಂಟನ ಹತ್ತಿರ ಹೋಗಿ, ನಮ್ಮನ್ನು ಕಳಿಸಿಕೊಡಿ ಎಂದ. ಬಂದ ಚಾರ್ಜು, ಉಂಡ ಊಟ ಎಲ್ಲ ಕೆಳಗಿಟ್ಟು ಹೋಗು ಎಂದನಂತೆ ಅವನು. ಎಲ್ಲಿಂದ ತರುವುದು? ಊರಿನಲ್ಲಿ ನಮ್ಮ ಅಟ್ಟಕ್ಕೆ ಆಗಲೇ ಓರಗಿತ್ತಿಯ ತಮ್ಮ ಬಂದಾಗಿದೆಯಂತೆ.

"ನಾನು ಯಾರ ಹೊಟ್ಟೆ ಮೇಲೆ ಹೊಡೆಯೋಕೂ ಬಂದೋನಲ್ಲ," ಎಂದ ಅದೆಲಾರ್. "ನಿಮ್ಮಕ್ಕನಿಗೆ ಬರಿ. ಆದರೆ ನಂಗೆ ಹೋಗೋಕೆ ಇನ್ನೊಂದು ಜಾಗ ತೋರಿಸು ಅಂತಲೂ ಬರಿ."

ಬರೆದಿದ್ದೇನೆ. ಭಾವನ ಜಾಗ ಅದು ಎಂದೆಯಲ್ಲ, ನಮಗೆ ಜಾಗ ಯಾವುದು? ನಿಮ್ಮ ಸಂಘದಲ್ಲಿ ನಮ್ಮಂಥವರಿಗೆ ಯಾರಾದರೂ ಒಂದು ಕುರ್ಚಿ ಎಳೆದು ಹಾಕಿದ್ದರೇ? ಇದು ನನ್ನ ಮಾತು, ಅವನದಲ್ಲ. ಸಿಟ್ಟಿನಲ್ಲಿ ಬರೆದೆ, ಹೊಡೆದುಹಾಕುವುದಿಲ್ಲ.

ಭಾವನ ಶೀತಕ್ಕೆ ಸಾಸಿವೆ ಪಟ್ಟಿ ಹಾಕು, ಎದೆಗೆ ಬಾತುಕೋಳಿ ಕೊಬ್ಬು ಸವರು.

ಲಿಯೋನಿ


ಗ್ರೇ ಹಿಲ್, ಕಂಪನಿಯ ಬಿಡಾರ
೨೭ ಮೇ ೧೯೨೨

ಅಕ್ಕಾ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಇರಲಿ. ಇವತ್ತು ನಡೆದದ್ದನ್ನು ಹೇಳಿ ನಿನ್ನನ್ನು ನಗಿಸಬೇಕು.

ನೂಲು ಬೇಕೆಂದು ನೆವ ಹೇಳಿ ಕಾವಲುಗಾರನ ಜೊತೆ ಪೇಟೆಗೆ ಹೋಗಿದ್ದೆ. ಬ್ರೆಡ್ ಅಂಗಡಿಯಿಂದ ನೀನು ಹೊರಗೆ ಬಂದೆ. ನೀನೇ. ಅಮ್ಮನ ನಡಿಗೆ ನಿನಗೆ ಬಂದುಬಿಟ್ಟಿದೆ, ಎಡಗೈಯನ್ನು ಸೊಂಟಕ್ಕೆ ಒತ್ತಿಕೊಂಡು ನಡೆಯುವುದು. ನೀನು ಹೇಳಿದ್ದೆಲ್ಲ ಮರೆತೇಹೋಯಿತು. ಬೀದಿಯ ಈಚೆಯಿಂದ ಅಕ್ಕಾ ಎಂದು ಕೂಗಿದೆ. ನೀನು ನನ್ನ ಕಡೆಗೇ ನೋಡಿದೆ, ಆಮೇಲೆ ಪಕ್ಕದ ಹೆಂಗಸಿನ ಜೊತೆ ಏನೋ ಹೇಳುತ್ತ ಹೊರಟುಹೋದೆ. ಗುರುತು ಸಿಕ್ಕಿಲ್ಲ ಎಂದು ಆಗ ಹೊಳೆಯಿತು. ಸಿಗುವುದಾದರೂ ಹೇಗೆ ಹೇಳು? ನೀನು ಹೋಗುವಾಗ ನಾನು ಜಡೆಯ ಹುಡುಗಿ. ಈಗ ಹಿಟ್ಟಿನ ಮೂಟೆಯಂತಾಗಿದ್ದೇನೆ. ಸೆಕೆಯೆಂದು ಕಂದು ಕೋಟನ್ನೂ ಬಿಟ್ಟು ಹೋಗಿದ್ದೆ.

ಇನ್ನೊಂದು ಸಲ ಕಂಡರೆ ಕೋಟು ಹಾಕಿಕೊಂಡೇ ಬರುತ್ತೇನೆ, ಬೆವರು ಸುರಿದರೂ ಸರಿ.

ಲಿಯೋನಿ


ಗ್ರೇ ಹಿಲ್
೩೦ ಮೇ ೧೯೨೨

ಲಿಯೋನಿ,

ಕೇಳಿಸಿತು. ಗುರುತೂ ಸಿಕ್ಕಿತು. ನೀನು ದಪ್ಪಗಾಗಿಲ್ಲ, ಮೊದಲಿನ ಹಾಗೇ ಇದ್ದೀಯೆ.

ನನ್ನ ಪಕ್ಕದಲ್ಲಿದ್ದವಳು ಜೆಲಿಂಡಾ. "ಆ ಹೆಂಗಸು ನಿನ್ನನ್ನ ಕರೀತಿದ್ದಾಳಾ?" ಎಂದು ಕೇಳಿದಳು. "ನನ್ನನ್ನಲ್ಲ, ಬೇರೆ ಯಾರನ್ನೋ ಇರಬೇಕು," ಎಂದೆ. ಮನೆಗೆ ಬಂದು ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಇದನ್ನು ಓದಿ ಸಮಾಧಾನವಾಗುವುದಾದರೆ ಮಾಡಿಕೋ.

ನಮ್ಮ ಬೀದಿಯಲ್ಲಿ ಈಗ ಒಲೆ ಉರಿಯುವುದು ಸಂಘದ ಅಡುಗೆಮನೆಯಲ್ಲಿ ಮಾತ್ರ. ಅಲ್ಲಿ ನಾನು ಜೋಳದ ಹಿಟ್ಟಿನ ಗಂಜಿ ತಿರುವುತ್ತೇನೆ. ಫ್ರೆಂಚಿನವಳ ಕೈಯ ಗಂಜಿ ಬೇಡ ಎಂದು ಮೊದಲ ವಾರ ಒಬ್ಬ ತಟ್ಟೆ ತಳ್ಳಿದ್ದ. ಎಜಿಸ್ತೊನ ಗೆಳೆಯ ನೆಲ್ಲೊ ಅವನ ಕೊರಳಪಟ್ಟಿ ಹಿಡಿದು ಕೂರಿಸಿ ಉಣ್ಣಿಸಿದ. ಅಂಥವರ ಎದುರಿಗೆ ನಾನು ನಿನ್ನ ಜೊತೆ ಮಾತಾಡುತ್ತ ನಿಲ್ಲಲೇ? ಕದ್ದು ಬಂದು ನೋಡಲು ನಾನೇನು ನಿನ್ನ ಪ್ರೇಮಿಯೇ? ಅವನು ಆ ಶೆಡ್ಡಿನಿಂದ ಹೊರಗೆ ಬಂದ ದಿನ, ಹಗಲು ಹೊತ್ತಿನಲ್ಲಿ, ಇಡೀ ಬೀದಿ ನೋಡುವ ಹಾಗೆ ನಿನ್ನನ್ನು ಅಪ್ಪಿಕೊಳ್ಳುತ್ತೇನೆ. ಅದಕ್ಕೆ ಮೊದಲು ಇಲ್ಲ.

ಒಂದು ಮಾತು. ಯಂತ್ರದಿಂದ ಓಡುವ ಆ ಗಾಳಿ ಉಳಿ ಹಿಡಿದು ಕೆತ್ತುವಾಗ ಅದೆಲಾರ್ ಬಾಯಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲಿ. ಮಿಕ್ಕವರು ನಕ್ಕರೂ ಕಟ್ಟಿಕೊಳ್ಳಲಿ. ಯಾಕೆಂದು ಕೇಳಬೇಡ. ಇನ್ನು ಬರೆಯಲೂ ಬೇಡ.

ಡೊನಾಲ್ಡಾ


ಗ್ರೇ ಹಿಲ್, ಕಂಪನಿಯ ಬಿಡಾರ
೨೦ ಆಗಸ್ಟ್ ೧೯೨೨, ಭಾನುವಾರ

ಅಕ್ಕಾ, ನನ್ನಕ್ಕಾ,

ಬರೆಯಬೇಡ ಎಂದಿದ್ದೆ. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಇವತ್ತು ಆಗುವುದಿಲ್ಲ.

ನಿನ್ನೆ ಬೇಲಿಯ ಮುಂದೆ ಒಂದು ಮೆರವಣಿಗೆ ಹೋಯಿತು. ಪಾದ್ರಿ ಇಲ್ಲ, ಗಂಟೆ ಇಲ್ಲ, ಕೆಂಪು ಬಾವುಟ ಮತ್ತು ವಾದ್ಯದವರು. ಶವದ ಪೆಟ್ಟಿಗೆಯ ಹಿಂದೆ ಕಪ್ಪು ಬಟ್ಟೆಯಲ್ಲಿ ನಡೆಯುತ್ತಿದ್ದವಳು ಎಡಗೈಯನ್ನು ಸೊಂಟಕ್ಕೆ ಒತ್ತಿಕೊಂಡಿದ್ದಳು. ಬೇಲಿಯ ತಂತಿ ಹಿಡಿದು ನಿಂತಿದ್ದೆ. ಬಾಯಿಗೆ ಬಂದ ಕೂಗನ್ನು ನುಂಗಿದೆ ಅಕ್ಕಾ, ನೀನು ಹೇಳಿದ್ದನ್ನು ಈ ಸಲ ಮರೆಯಲಿಲ್ಲ. ನಮ್ಮ ಪೈಕಿ ಟೋಪಿ ತೆಗೆದು ನಿಂತವನು ಅದೆಲಾರ್ ಒಬ್ಬನೇ.

ಶೀತ ಎಂದಿದ್ದೆಯಲ್ಲ. ಇಲ್ಲಿ ಹಿಂದಿನಿಂದಲೂ ಕೆಲಸ ಮಾಡಿದ ಮುದುಕನೊಬ್ಬ ಇದ್ದಾನೆ, ಅವನನ್ನು ಕೇಳಿದೆವು. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಇಳಿಯುವುದಿಲ್ಲವಂತೆ. ಒದ್ದೆ ಬಟ್ಟೆ ಯಾಕೆಂದು ಆಗ ತಿಳಿಯಿತು. ಅಷ್ಟು ದಿನ ಭಾವ ಹಾಸಿಗೆ ಹಿಡಿದು ಮಲಗಿದ್ದಾಗ ನೀನೊಬ್ಬಳೇ ಇದ್ದೆ, ನಾನು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಕಾಲುಚೀಲ ಹೆಣೆಯುತ್ತ ಕೂತಿದ್ದೆ.

ಸತ್ತವನ ಗೋರಿಕಲ್ಲನ್ನು ಅವನ ಶೆಡ್ಡಿನ ಜೊತೆಗಾರರೇ ಕೆಲಸ ಮುಗಿದ ಮೇಲೆ ನಿಂತು ಕೆತ್ತಿಕೊಡುವುದು ಇಲ್ಲಿಯ ಪದ್ಧತಿ ಎಂದೂ ಮುದುಕ ಹೇಳಿದ. ಈಗ ಜೊತೆಗಾರರೆಲ್ಲ ಹೊರಗಿದ್ದಾರೆ, ಶೆಡ್ಡು ನಮ್ಮ ಕೈಯಲ್ಲಿದೆ, ಹಾಗಾಗಿ ಈ ವರ್ಷ ಸತ್ತವರಿಗೆ ಕಲ್ಲಿಲ್ಲ, ಮರದ ಹಲಗೆಯೇ ಎಂದ. ಅದೆಲಾರ್ ಎಲ್ಲವನ್ನೂ ಕೇಳಿಸಿಕೊಂಡ. ಈಗ ನಾನು ಬರೆಯುವುದನ್ನು ನೋಡುತ್ತ ಪಕ್ಕದಲ್ಲೇ ಇದ್ದಾನೆ. ಅಂಚೆಗೆ ತಾನೇ ಹಾಕುತ್ತೇನೆ, ಕೊಡು ಎನ್ನುತ್ತಿದ್ದಾನೆ.

ಬಾ ಎಂದರೆ ಬರುತ್ತೇನೆ. ಕಲ್ಲು ಹೊಡೆದರೂ ಬರುತ್ತೇನೆ. ಒಂದು ಸಾಲು ಬರಿ.

ಲಿಯೋನಿ


ಗ್ರೇ ಹಿಲ್
೨ ಸೆಪ್ಟೆಂಬರ್ ೧೯೨೨, ಶನಿವಾರ

ಶ್ರೀಮತಿ ಗೊಸ್ಲೆನ್ ಅವರಿಗೆ,

ನೀವು ಕಳಿಸಿದ ಕಲ್ಲು ತಲುಪಿತು.

ಗಂಡ ಸತ್ತು ಎರಡು ವಾರ. ನಿಮ್ಮಿಂದ ಒಂದು ಮಾತಿಲ್ಲ. ಇವತ್ತು ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಗೇಟಿಗೆ ಆನಿಸಿ ಗೋಣಿ ಸುತ್ತಿದ ಕಲ್ಲು. ಗೋಣಿ ಬಿಚ್ಚಿದೆ. ಮೇಡಂ ಎಜಿಸ್ತೊ ಮೆಂಕೋನಿ. ಕಾಗದಗಳ ಮೇಲೆ ಹೆಂಡತಿಯನ್ನು ಕರೆಯುವ ಹಾಗೆ, ಗಂಡನ ಹೆಸರಿನ ಮುಂದೆ ಮೇಡಂ. ನನ್ನ ಹೆಸರು. ಬದುಕಿ ಬಾಗಿಲಲ್ಲಿ ನಿಂತಿರುವವಳಿಗೆ ಗೋರಿಕಲ್ಲು. ನೀನೂ ಸಾಯಿ ಎಂದು ಬಾಯಲ್ಲಿ ಹೇಳಿದ್ದರೆ ಸಾಲುತ್ತಿರಲಿಲ್ಲವೇ?

ಯಾರೋ ಕಿಡಿಗೇಡಿಗಳ ಕೆಲಸ ಎಂದುಕೊಳ್ಳುತ್ತಿದ್ದೆ. ಆದರೆ ಅಕ್ಷರ ನಿಮ್ಮದು. ಎಂ ಅಕ್ಷರಕ್ಕೆ ಹಂದಿ ಬಾಲದಂಥ ಸುರುಳಿ ಹಾಕಬೇಡ ಎಂದು ಅಡುಗೆಮನೆಯಲ್ಲಿ ಕೂರಿಸಿಕೊಂಡು ಬೆರಳಿಗೆ ಹೊಡೆದವಳು ನಾನು. ಆ ಸುರುಳಿ ನನಗೆ ತಿಳಿಯುವುದಿಲ್ಲವೇ? ಕಾಗದದ ಮೇಲೆ ಬರೆದುಕೊಟ್ಟು ಗಂಡನ ಕೈಯಲ್ಲಿ ಕೆತ್ತಿಸಿದ್ದೀಯ. ಬೀದಿಯಲ್ಲಿ ಮುಖ ತಿರುಗಿಸಿದ್ದಕ್ಕೆ ಇಷ್ಟು ದೊಡ್ಡ ಸೇಡೇ ಲಿಯೋನಿ?

ಬೀದಿಯವರೆಲ್ಲ ಕೂಡಿದರು. ಇದು ಯಾರ ಕೈಬರಹ, ಗೊತ್ತಾ ಎಂದು ನೆಲ್ಲೊ ಕೇಳಿದ. ನನ್ನ ತಂಗಿಯದು, ಶೆಡ್ಡಿನಲ್ಲಿ ಅವಳ ಗಂಡ ಇದ್ದಾನೆ ಎಂದೆ. ಅವನ ಹೆಸರನ್ನೂ ಹೇಳಿದೆ. ಅಂಗಳದಲ್ಲೇ ಕಲ್ಲನ್ನು ಒಡೆದರು, ಮೊದಲ ಪೆಟ್ಟು ನಾನು ಹಾಕಿದೆ. ಇನ್ನು ನನಗೆ ತಂಗಿ ಇಲ್ಲ.

ಡೊನಾಲ್ಡಾ ಮೆಂಕೋನಿ


ಸೇಂಟ್ ಗ್ಲಾಡಿ
೧೭ ಸೆಪ್ಟೆಂಬರ್ ೧೯೨೨

ಡೊನಾಲ್ಡಾ,

ನಿನ್ನ ಕಾಗದ ಸೋಮವಾರ ಬಂತು. ಅದೆಲಾರ್‌ನ ಹಾಸಿಗೆಯ ಪಕ್ಕ ಕೂತು ಓದಿದೆ. ಅದನ್ನು ಓದುವವರೆಗೆ ಅವನನ್ನು ಯಾಕೆ ಹೊಡೆದರೆಂದು ನಮಗೆ ಗೊತ್ತಿರಲಿಲ್ಲ.

ಕಲ್ಲಿನ ವಿಷಯವೂ ನನಗೆ ಗೊತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಅವನು ಹೇಳಿದ. ಮೂಲೆಗೆ ಎಸೆದಿದ್ದ ಒಂದು ತುಂಡು ಕಲ್ಲನ್ನು ಮೇಸ್ತ್ರಿಯ ಹತ್ತಿರ ಕೇಳಿ ಇಸಿದುಕೊಂಡು, ಕೆಲಸ ಮುಗಿದ ಮೇಲೆ ದಿನಾ ನಿಂತು ಕೆತ್ತಿದನಂತೆ. ಗಾಳಿ ಉಳಿಯಲ್ಲಿ ಅಲ್ಲ, ಕೈ ಉಳಿಯಲ್ಲಿ. ಭಾವ ಹಳೆಯ ಕಾಲದ ಕೆಲಸಗಾರರು, ಅವರಿಗೆ ಹಾಗೇ ಸರಿ ಎಂದುಕೊಂಡನಂತೆ. ಭಾವನ ಹೆಸರು ಹೇಗಿರುತ್ತದೆ ಎಂದು ಅವನಿಗೇನು ಗೊತ್ತು? ಅಕ್ಷರವೆಂದರೆ ಅವನಿಗೆ ಚಿತ್ರ. ಆ ಭಾನುವಾರ ನಾನು ಲಕೋಟೆಯ ಮೇಲೆ ವಿಳಾಸ ಬರೆಯುವಾಗ, "ಇದರಲ್ಲಿ ಭಾವನ ಹೆಸರು ಇದೆಯಾ?" ಎಂದು ಕೇಳಿದ್ದ. ಇದೆ ಎಂದು ತಲೆ ಎತ್ತದೇ ಹೇಳಿದ್ದೆ. ಮೇಲಿನ ಸಾಲನ್ನು ಇದ್ದ ಹಾಗೇ, ಒಂದು ಗೆರೆಯನ್ನೂ ಬಿಡದೆ ಕಲ್ಲಿಗೆ ಇಳಿಸಿದ. ಮೇಡಂ ಎಂಬುದನ್ನೂ ಇಳಿಸಿದ. ನನ್ನ ಹಂದಿ ಬಾಲವನ್ನೂ ಇಳಿಸಿದ. ಗೇಟಿನ ಕಾವಲುಗಾರನನ್ನು ಕಾಡಿಬೇಡಿ, ಮನೆ ತೋರಿಸಲು ಆ ಮುದುಕನನ್ನು ಕರೆದುಕೊಂಡು, ರಾತ್ರಿ ಕೈಗಾಡಿಯಲ್ಲಿ ನಿನ್ನ ಬಾಗಿಲಿಗೆ ತಂದಿಟ್ಟನಂತೆ. ನೋಡಿಕೊಂಡು ಕೆತ್ತಲು ಬೇಕೆಂದು ಕಾಗದವನ್ನು ಅಂಚೆಗೆ ಹಾಕದೆ ಜೇಬಿನಲ್ಲೇ ಇಟ್ಟುಕೊಂಡಿದ್ದ. ಕಲ್ಲಿನ ಪುಡಿ ಮೆತ್ತಿದ ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿಕೋ.

ನೀವು ಕಲ್ಲು ಒಡೆದ ಮರುದಿನ, ಭಾನುವಾರ, ಚರ್ಚಿನಿಂದ ಬರುವಾಗ ನಿಮ್ಮವರು ನಮ್ಮ ಸಾಲಿನಿಂದ ಅವನನ್ನು ಎಳೆದುಕೊಂಡರು. ಒಂದು ಮನೆಯ ಮೆಟ್ಟಿಲ ಮೇಲೆ ಅವನ ಬಲಗೈಯನ್ನು ಒತ್ತಿ ಹಿಡಿದರು. ಅವನಿಗೆ ಇಂಗ್ಲಿಷೂ ಬಾರದು, ನಿಮ್ಮ ಭಾಷೆಯೂ ಬಾರದು. ಅವರಿಗೆ ಅರ್ಥವಾಗಬಹುದಾದ ಒಂದೇ ಮಾತು ಅವನ ಬಾಯಲ್ಲಿತ್ತು. ಎಜಿಸ್ತೊ, ಎಜಿಸ್ತೊ ಎಂದ. ನಾನು ನಿಮ್ಮವನೇ ಎನ್ನುವ ಅರ್ಥದಲ್ಲಿ ಹೇಳಿದ. ಸತ್ತವನನ್ನು ಹಂಗಿಸುತ್ತಿದ್ದಾನೆ ಎಂದುಕೊಂಡರೋ ಏನೋ, ಆಮೇಲೆ ಸುತ್ತಿಗೆ ತೆಗೆದರು. ನಾನು ಅಲ್ಲೇ ಇದ್ದೆ.

ಕೈ ಹೋದವನು ಕಂಪನಿಗೆ ಬೇಡ. ರೈಲು ಹತ್ತಿಸಿ ಕಳಿಸಿದರು. ಓರಗಿತ್ತಿ ದನದ ಕೊಟ್ಟಿಗೆಯ ಪಕ್ಕದ ಕೋಣೆ ಕೊಟ್ಟಿದ್ದಾಳೆ.

ಲಿಯೋನಿ


ಗ್ರೇ ಹಿಲ್
೨೪ ಸೆಪ್ಟೆಂಬರ್ ೧೯೨೨

ನನ್ನ ಲಿಯೋನಿ,

ಎರಡೂ ಕಾಗದ ಓದಿದೆ. ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆ ಮೊದಲನೆಯ ಕಾಗದ ಅಂದೇ ನನ್ನ ಕೈಗೆ ಬಂದಿದ್ದರೆ ಬಾ ಎಂದು ಬರೆಯುತ್ತಿದ್ದೆ. ದೇವರಾಣೆ ಬರೆಯುತ್ತಿದ್ದೆ. ನಾನು ದೇವರನ್ನು ಬಿಟ್ಟು ವರ್ಷಗಳಾದವು, ಆದರೂ ಬೇರೆ ಯಾರ ಮೇಲೆ ಆಣೆ ಇಡಲಿ?

ಅವನಿಗೆ ಓದುಬರಹ ಬಾರದೆಂದು ನೀನು ಬರೆದಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಬೆಳಿಗ್ಗೆ ನೆನಪಾಗಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು ಲಿಯೋನಿ. ಇವಳು ನಮ್ಮವಳೋ ಅವರವಳೋ ಎಂದು ಏಪ್ರಿಲ್‌ನಿಂದ ನೋಡುತ್ತಲೇ ಇದ್ದರು. ನಿನ್ನ ಗಂಡನ ಹೆಸರು ಹೇಳಿದಾಗ ಜೆಲಿಂಡಾ ನನ್ನ ಹೆಗಲ ಮೇಲೆ ಕೈ ಹಾಕಿದಳು. ಆ ಕೈಗೋಸ್ಕರ ಹೇಳಿದೆನೋ ಏನೋ, ಈಗ ಹಾಗನ್ನಿಸುತ್ತದೆ.

ನೆಲ್ಲೊಗೆ ನಿನ್ನ ಕಾಗದ ಓದಿ ಹೇಳಿದೆ. ಕುರ್ಚಿಯಲ್ಲಿ ಕೂತವನು ಮುಖ ಮುಚ್ಚಿಕೊಂಡ. "ನಿನಗಾಗಿ ಮಾಡಿದ್ದು," ಎಂದ. ಇನ್ನು ಮುಷ್ಕರವೂ ಹೆಚ್ಚು ದಿನ ಉಳಿಯುವುದಿಲ್ಲ. ಒಬ್ಬೊಬ್ಬರೇ ಹೋಗಿ ಸಹಿ ಹಾಕುತ್ತಿದ್ದಾರೆ. ಶೆಡ್ಡಿಗೆ ಹೋದೊಡನೆ ಎಜಿಸ್ತೊಗೆ ಒಂದು ಕಲ್ಲು ಕೆತ್ತುತ್ತೇನೆ ಎಂದ ನೆಲ್ಲೊ. ಬೇಡ ಎಂದೆ. ಅವನಿಗೆ ಬಂದ ಕಲ್ಲನ್ನು ನಾನೇ ಒಡೆಸಿದ ಮೇಲೆ ಇನ್ನೊಂದು ನಿಲ್ಲಿಸುವ ಮುಖ ನನಗಿಲ್ಲ. ಮರದ ಹಲಗೆಯೇ ಇರಲಿ.

ನಾನು ಬರುತ್ತೇನೆ. ಕೊಟ್ಟಿಗೆಯಲ್ಲೇ ಮಲಗುತ್ತೇನೆ. ನಿನ್ನ ಓರಗಿತ್ತಿಯ ದನಗಳ ಹಾಲು ಕರೆಯುತ್ತೇನೆ, ಅದೆಲಾರ್‌ಗೆ ತುತ್ತು ಮಾಡಿ ತಿನ್ನಿಸುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಬಾ ಎಂದು ಒಂದು ಮಾತು ಬರಿ.

ನಿನ್ನ ಅಕ್ಕ


ಸೇಂಟ್ ಗ್ಲಾಡಿ
೧೨ ನವೆಂಬರ್ ೧೯೨೨

ಅಕ್ಕಾ,

ನಿನ್ನ ನಾಲ್ಕೂ ಕಾಗದ ಬಂದಿವೆ. ಕಳಿಸಿದ ಉಣ್ಣೆಯ ಕೈಗವಸೂ ಬಂದಿದೆ. ಎಡಗೈಯದನ್ನು ಅವನು ಹಾಕಿಕೊಳ್ಳುತ್ತಾನೆ, ಬಲಗೈಯೊಳಗೆ ಬೆರಳು ಹೋಗುವುದಿಲ್ಲ.

ಅದೆಲಾರ್‌ಗೆ ನಿನ್ನ ಮೇಲೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು ಎನ್ನುತ್ತಾನೆ. ತನ್ನದೇ ತಪ್ಪು, ಮೊದಲು ನನಗೆ ತೋರಿಸಬೇಕಿತ್ತು ಎಂದು ನನ್ನ ಹತ್ತಿರ ಕ್ಷಮೆ ಕೇಳುತ್ತಾನೆ. ಅವನು ಅಂಥವನು.

ನನಗೆ ಸಿಟ್ಟಿದೆ ಅಕ್ಕಾ. ಅವನ ಕೈಗಾಗಿ ಅಷ್ಟಿಲ್ಲ, ಕೈ ಮುರಿದವರು ಬೇರೆ. ನನ್ನ ಅಕ್ಷರ ನೋಡಿದಾಗ ನಿನಗೆ ಹೊಳೆದದ್ದು ಏನು? ಇದರಲ್ಲಿ ಏನೋ ತಪ್ಪಾಗಿದೆ, ನಮ್ಮ ಲಿಯೋನಿ ಹೀಗೆ ಬರೆಯುವವಳಲ್ಲ ಎಂದು ಒಂದು ಗಳಿಗೆಯಾದರೂ ಅನ್ನಿಸಲಿಲ್ಲವೇ? ನೀನು ರೈಲಿನ ಪಕ್ಕ ನಿಂತು ಬೈದೆ, ಬೀದಿಯಲ್ಲಿ ನನ್ನ ಗುರುತಿಲ್ಲ ಎಂದೆ, ಆಗೆಲ್ಲ ನಾನು ನಿನ್ನ ಪರವಾಗಿ ನೆವ ಹುಡುಕಿದೆ. ನೀನು ನನಗಾಗಿ ಒಂದು ನೆವವನ್ನೂ ಹುಡುಕಲಿಲ್ಲ.

ಬರಬೇಡ. ಬರೆಯಲೂ ಬೇಡ. ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರುವುದಿಲ್ಲ. ಈ ಸಿಟ್ಟು ಎಂದಾದರೂ ಇಳಿಯುತ್ತದೋ ಏನೋ ತಿಳಿಯದು. ಇಳಿದರೆ ನಾನೇ ಬರೆಯುತ್ತೇನೆ.

ಲಿಯೋನಿ


ಗ್ರೇ ಹಿಲ್
೯ ಮೇ ೧೯೨೬

ಲಿಯೋನಿ,

ನೀನು ಬರೆಯಬೇಡ ಎಂದ ಮೇಲೆ ನಾನು ಬರೆಯಲಿಲ್ಲ. ಇದನ್ನೂ ಕಾಗದವೆಂದು ಲೆಕ್ಕಕ್ಕೆ ಹಿಡಿಯಬೇಡ. ಊಟದ ಹೊತ್ತಿಗೆ ಬಂದರೆ ಊಟ ಮಾಡಿ ಆಮೇಲೆ ಒಡೆ.

ನಾನು ಮನೆ ಬದಲಿಸಿದ್ದೇನೆ. ಆ ಬೀದಿ ಬಿಟ್ಟು ಹೊಳೆಯ ಹತ್ತಿರ ಒಂದು ಊಟದ ಮನೆಯಲ್ಲಿ ಅಡುಗೆಗೆ ಇದ್ದೇನೆ, ಹಿತ್ತಿಲ ಕಡೆ ಒಂದು ಕೋಣೆ ಕೊಟ್ಟಿದ್ದಾರೆ. ಹಳೆಯ ಮನೆಗೆ ಹೊಸಬರು ಬಂದಿದ್ದಾರೆ, ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಹೋದ ವಾರ ನನ್ನ ಹೆಸರಿಗೆ ಯಾರದೋ ಕಾಗದ ಅಲ್ಲಿಗೆ ಬಂದು, ಅಂಥವರಿಲ್ಲ ಎಂದು ವಾಪಸ್ ಹೋಯಿತಂತೆ. ಯಾರಿಂದ ಬಂದಿತ್ತೆಂದು ಅಂಚೆಯವನನ್ನು ಕೇಳಿದೆ. ಅವನಿಗೆ ನೆನಪಿಲ್ಲ. ಎಲ್ಲಿಂದ ಬಂದಿತ್ತು, ಕೆನಡಾದ ಅಂಚೆಚೀಟಿ ಇತ್ತೇ ಎಂದು ಮತ್ತೆ ಮತ್ತೆ ಕೇಳಿದೆ. ಇದ್ದರೂ ಇರಬಹುದು, ನೋಡಲಿಲ್ಲ ಎಂದ.

ನಿನ್ನದಲ್ಲದಿದ್ದರೆ ಕೆಳಗಿನ ವಿಳಾಸ ಬರೆದಿಟ್ಟುಕೋ, ಯಾವತ್ತಾದರೂ ಬೇಕಾಗಬಹುದು. ನಿನ್ನದಾಗಿದ್ದರೆ, ಅದರಲ್ಲಿ ಏನಿತ್ತು ಎಂದು ಇನ್ನೊಂದು ಸಲ ಬರೆಯುವೆಯಾ?

ಡೊನಾಲ್ಡಾ
ಬೊಸಿಯವರ ಊಟದ ಮನೆ, ಹಿಂದಿನ ಬಾಗಿಲು
ಮಿಲ್ ಬೀದಿ, ಗ್ರೇ ಹಿಲ್